ಮೂವರೂ ಕೂರುವ ಒಂದು ಆಟ

ನವೆಂಬರ್ 9, ಭಾನುವಾರ

ಮೂರು ಮಕ್ಕಳನ್ನು ಮೂರು ಊರಿಗೆ ಹಂಚಿದ್ದು ಅನ್ಯಾಯ. ಇದನ್ನು ಬಾಯಿಬಿಟ್ಟು ಹೇಳುವವರು ನಮ್ಮ ಎರಡೂ ಮನೆತನಗಳಲ್ಲಿ ಯಾರೂ ಇಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಅಕ್ಕ ಹೇಮಾವತಿ ಕಾಮಾಲೆಯಿಂದ ತೀರಿಕೊಂಡು ಹತ್ತು ತಿಂಗಳಾಯಿತು. ಮಣ್ಣು ಮಾಡಿದ ಮೂರನೇ ದಿನವೇ ಹಿರಿಯರೆಂಬುವರು ಕುಳಿತು, ಪಾತ್ರೆ ಪಗಡ ಹಂಚುವಂತೆ ಮಕ್ಕಳನ್ನು ಹಂಚಿದರು. ಹದಿನಾಲ್ಕರ ಸ್ಫೂರ್ತಿ ಕಂಪ್ಲಿಯಲ್ಲಿ ಭಾವನ ತಾಯಿ ಮುದುಕಮ್ಮನ ಹತ್ತಿರ, ಯಾಕೆಂದರೆ ಅವಳಿಗೆ ಮನೆಗೆಲಸ ಬರುತ್ತದೆ. ಒಂಬತ್ತರ ಶಂಭುಲಿಂಗ ಸಂಡೂರಿನಲ್ಲಿ ಅಪ್ಪ ಪಾಲಯ್ಯನ ಹತ್ತಿರ, ಯಾಕೆಂದರೆ ಗಂಡುಮಗ. ನಾಲ್ಕರ ಭಾಗ್ಯ ಹೊಸಪೇಟೆಯಲ್ಲಿ ನನ್ನ ಅವ್ವನ ಹತ್ತಿರ, ಯಾಕೆಂದರೆ ಉಳಿದವರಾರೂ ಕೈ ಚಾಚಲಿಲ್ಲ. ಇಲ್ಲಿಂದ ಆ ಎರಡೂ ಊರಿಗೆ ಬಸ್ಸಿನಲ್ಲಿ ಒಂದು ಗಂಟೆ. ಆದರೂ ಮೂವರು ಹತ್ತು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಕಂಪ್ಲಿಗೂ ನಮಗೂ ಮಾತಿಲ್ಲ. ಮಣ್ಣಿನ ದಿನ ಮುದುಕಮ್ಮನ ಅಂಗಳದಲ್ಲಿ ನಿಂತು ನಾನು ಸತ್ಯ ಹೇಳಿದ್ದೆ: ಆಸ್ಪತ್ರೆಗೆ ಒಯ್ಯದೆ ಬೇರು ಅರೆದು ಕುಡಿಸಿದವರು ಕೊಲೆಗಾರರು ಎಂದು. ಅಂದಿನಿಂದ ಆ ಮನೆಯ ನೀರು ಮುಟ್ಟಿಲ್ಲ. ಭಾವ ಅದಿರಿನ ಟಿಪ್ಪರ್ ಓಡಿಸುತ್ತಾನೆ. ತಾಯಿಯ ಕಡೆಗೂ ಬರುವುದಿಲ್ಲ, ನಮ್ಮ ಕಡೆಗೂ ಬರುವುದಿಲ್ಲ. ಯಾರಿಗೂ ಮುಖ ತೋರಿಸದಿರುವುದನ್ನೇ ಒಳ್ಳೆಯತನ ಎಂದುಕೊಂಡಿರುವ ಮನುಷ್ಯ.

ಇವತ್ತು ಶಂಭು ಅಪ್ಪನ ಫೋನಿನಿಂದ ಮಾತಾಡಿದ.

"ಮಾಮ, ಆನಂದಲೋಕಕ್ಕ ಹೋಗಾನು. ನೀನು, ನಾನು, ಅಕ್ಕ, ಭಾಗ್ಯ."

"ಅದು ಏನಂತ ಗೊತ್ತೈತೇನ್ಲೇ ನಿನಗ?"

"ಗೊತ್ತೈತಿ. ಜಾರುಬಂಡಿ ಮೂರಂತಸ್ತು ಐತಿ."

ಆನಂದಲೋಕ ಎಂದರೆ ನಮ್ಮೂರಿನ ಹೊರಗೆ ಕಳೆದ ಬೇಸಿಗೆಯಲ್ಲಿ ತೆರೆದ ಮಜಾ ಪಾರ್ಕು. ಗೇಟಿನಲ್ಲಿ ಹಂಪಿಯ ಕಲ್ಲಿನ ರಥದ ಫೈಬರ್ ನಕಲು, ಅದರ ಹೊಟ್ಟೆಯಿಂದ ಹೊರಬರುವ ನೀಲಿ ಜಾರುಬಂಡಿ. ನಿಜವಾದ ರಥ ಇಲ್ಲಿಂದ ಅರ್ಧ ಗಂಟೆಯ ದಾರಿ. ಜನ ಅದನ್ನು ಬಿಟ್ಟು ಇದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ತಾಯಿ ಸತ್ತು ವರ್ಷ ತುಂಬಿಲ್ಲ, ಮಾರುಕಟ್ಟೆ ಒಂಬತ್ತು ವರ್ಷದ ಹುಡುಗನ ತಲೆಯೊಳಗೆ ಆಗಲೇ ಮನೆ ಕಟ್ಟಿದೆ. ನೋಡೋಣ ಎಂದು ಫೋನ್ ಇಟ್ಟೆ.

ನವೆಂಬರ್ 11, ಮಂಗಳವಾರ

ಅವ್ವನ ಪೆಟ್ಟಿಗೆಯಿಂದ ಒಂದು ಫೋಟೋ ಬಿತ್ತು. ಭಾಗ್ಯ ಎತ್ತಿಕೊಂಡಳು. ಅಕ್ಕನ ಮೇಲೆ ಬೆರಳಿಟ್ಟು "ಅವ್ವ" ಎಂದಳು. ಸ್ಫೂರ್ತಿಯ ಮೇಲೆ ಬೆರಳಿಟ್ಟು, "ಈಕಿ ಯಾರು?" ಎಂದಳು.

"ನಿಮ್ಮಕ್ಕ."

"ನನಗ ಅಕ್ಕ ಇಲ್ಲ," ಎಂದು ಖಂಡಿತವಾಗಿ ಹೇಳಿ ಆಡಲು ಹೋದಳು.

ನವೆಂಬರ್ 14, ಶುಕ್ರವಾರ

ಮಕ್ಕಳ ದಿನಾಚರಣೆ. ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಗೆ ಹನ್ನೊಂದು ಬ್ಯಾನರಿನ ಕೆಲಸ. ಒಂದರಲ್ಲೂ ಮಗುವಿನ ಮುಖ ನಾಯಕರ ಮೂಗಿಗಿಂತ ದೊಡ್ಡದಿಲ್ಲ. ಎಲ್ಲರ ಗಲ್ಲಕ್ಕೂ ಕೆಂಪು ಹಚ್ಚಿ, ಎಲ್ಲರ ತಲೆಗೂ ಕಪ್ಪು ಹಚ್ಚಿ ಕಳಿಸಿದೆ. ನನ್ನ ಕೈಯಿಂದಲೇ ಈ ಊರಿನ ಮುದುಕರೆಲ್ಲ ಯುವಕರಾಗಿದ್ದಾರೆ.

ಸಂಜೆ ಶಂಭುವಿಗೆ ಫೋನ್ ಮಾಡಿ ನನ್ನ ಯೋಜನೆ ಹೇಳಿದೆ. ಆನಂದಲೋಕ ಬೇಡ, ಹಂಪಿಗೆ ಹೋಗೋಣ. ಬಜಾರಿನ ಸಾಲುಮಂಟಪದಲ್ಲಿ ಕುಳಿತು ಬುತ್ತಿ ಬಿಚ್ಚೋಣ. ಆ ಕಲ್ಲುಗಳನ್ನು ಹೊತ್ತವರು ಯಾರು, ಅವರ ಹೆಸರು ಯಾಕೆ ಯಾವ ಶಾಸನದಲ್ಲೂ ಇಲ್ಲ, ಎಲ್ಲ ತಿಳಿಸುತ್ತೇನೆ ಎಂದೆ.

"ಸಾಲ್ಯಾಗ ಎರಡ್ ಸಲ ಕರ್ಕೊಂಡು ಹೋಗ್ಯಾರ ಮಾಮ," ಎಂದ. "ಎರಡ್ ಸಲನೂ ಪ್ರಬಂಧ ಬರಸ್ಯಾರ."

"ನಾನು ಬರಸಂಗಿಲ್ಲ."

"ನೀನು ಬಾಯಿಲೆ ಬರಸ್ತಿ."

ಹಿಂದಿನಿಂದ ಭಾವ ನಕ್ಕಿದ್ದು ಕೇಳಿಸಿತು. ಆ ಮನುಷ್ಯ ಹತ್ತು ತಿಂಗಳಲ್ಲಿ ನಕ್ಕದ್ದು ಇದಕ್ಕೆ.

ನವೆಂಬರ್ 16, ಭಾನುವಾರ

ನಮ್ಮ ಬೆಳಕು ಯುವ ವೇದಿಕೆಯ ವಾರದ ಓದು. ಒಟ್ಟು ಸದಸ್ಯರು ಮೂವರು, ಬಂದವರು ಇಬ್ಬರು, ಅವರಲ್ಲಿ ಒಬ್ಬ ನಾನು. ಇನ್ನೊಬ್ಬ ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುವ ತಾಯಪ್ಪ. ಬಿಡುವು ಎಂಬುದನ್ನೂ ಬಂಡವಾಳ ಹೇಗೆ ಮಾರುತ್ತದೆ ಎಂಬ ಹದಿನಾರು ಪುಟದ ಕಿರುಹೊತ್ತಿಗೆಯನ್ನು ನಾನು ಓದಿದೆ. ಅವನು ಶೇಂಗಾ ಸುಲಿಯುತ್ತ ಕೇಳಿದ.

ಓದು ಮುಗಿದ ಮೇಲೆ ಶಂಭುವಿನ ಮಾತು ಹೇಳಿದೆ.

"ಕರ್ಕೊಂಡು ಹೋಗಿ ಬಾರಲೇ," ಎಂದ. "ನೀನು ಒಂದಿನ ಜಾರಿದ್ರ ಕ್ರಾಂತಿ ಏನು ವರ್ಷ ಹಿಂದಕ್ಕ ಹೋಗಂಗಿಲ್ಲ."

ಇಂಥವರನ್ನು ಕಟ್ಟಿಕೊಂಡು ಸಂಘಟನೆ ಮಾಡಬೇಕು.

ಆದರೆ ಆನಂದಲೋಕದ ನಿಯಮಗಳ ಬೋರ್ಡು ಮಾಡಿದವನು ನಾನೇ. ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ಇದೆ. ತೆರೆದು ನೋಡಿದೆ. ಅಲ್ಲಿ ಮನುಷ್ಯರನ್ನು ವಯಸ್ಸಿನಿಂದಲ್ಲ, ಸೆಂಟಿಮೀಟರಿನಿಂದ ವಿಂಗಡಿಸುತ್ತಾರೆ. ದೊಡ್ಡ ಜಾರುಬಂಡಿಗೆ ನೂರಾ ಇಪ್ಪತ್ತಾದರೂ ಬೇಕು, ಹತ್ತು ವರ್ಷದೊಳಗಿನವರ ಹಿಂದೆ ಒಬ್ಬ ದೊಡ್ಡವರು ಕೂರಬೇಕು. ಪುಟಾಣಿ ಕೊಳಕ್ಕೆ ನೂರಾ ಹತ್ತು ಮೀರಬಾರದು. ರಬ್ಬರ್ ಬಳೆಯಲ್ಲಿ ತೇಲುವುದಕ್ಕೆ ನೂರಾದರೂ ಇರಬೇಕು. ಅವ್ವ ಮಾರುಕಟ್ಟೆಗೆ ಹೋಗಿದ್ದಾಗ ಭಾಗ್ಯಳನ್ನು ಬಾಗಿಲಿಗೆ ನಿಲ್ಲಿಸಿ ಅಳೆದೆ: ತೊಂಬತ್ತಾರು. ಶಂಭು ಫೋನಿನಲ್ಲಿ ಹೇಳಿದ್ದು ನೂರಾ ಇಪ್ಪತ್ತಾರು. ಮೂವರನ್ನೂ ಒಟ್ಟಿಗೆ ಕೂರಿಸುವ ಆಟ ಆ ಇಡೀ ಲೋಕದಲ್ಲಿ ಒಂದೇ ಒಂದು, ಆಟಿಕೆ ರೈಲು. ಅದಕ್ಕೆ ನೂರಾ ನಲವತ್ತು ದಾಟಿರಬಾರದು. ಎರಡು ವರ್ಷದ ಹಿಂದೆ, ಅಕ್ಕ ಇದ್ದಾಗ, ಸ್ಫೂರ್ತಿ ನೂರಾ ಮೂವತ್ತೇಳು ಇದ್ದಳು.

ಹೋಗುವುದಾದರೆ ಮೂವರೂ ಒಂದೇ ಆಟದಲ್ಲಿ ಕೂರಬೇಕು. ಇಲ್ಲದಿದ್ದರೆ ಅಲ್ಲಿಯೂ ಅವರನ್ನು ಹಂಚಿದಂತೆಯೇ. ಕಂಪ್ಲಿಗೆ ಹೋಗಿ ಅವಳನ್ನು ಅಳೆದು ಬರಬೇಕು. ನೀರು ಮುಟ್ಟುವುದಿಲ್ಲ.

ನವೆಂಬರ್ 23, ಭಾನುವಾರ

ಅಂಗಡಿಯ ಟೇಪು ಜೇಬಿನಲ್ಲಿಟ್ಟುಕೊಂಡು ಕಂಪ್ಲಿಗೆ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು.

ಬಾಗಿಲಿಗೆ ಬಂದವಳು ಯಾರೋ ದೊಡ್ಡ ಹೆಂಗಸು ಎಂದುಕೊಂಡೆ. ಸೆರಗಿನಂತೆ ವೇಲ್ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ಹಿಟ್ಟು. "ಮಾಮ," ಎಂದಾಗ ಗೊತ್ತಾಯಿತು. ಒಳಗೆ ಹೋಗಿ ಕೈ ತೊಳೆದು ಚೊಂಬಿನಲ್ಲಿ ನೀರು ತಂದಳು. ನಾನು ಇಸಿದುಕೊಂಡು ಕಟ್ಟೆಯ ಮೇಲಿಟ್ಟೆ.

ಮುದುಕಮ್ಮ ಅದನ್ನೇ ನೋಡುತ್ತ ಕುಳಿತಿದ್ದಳು. "ನೀರು ಒಲ್ಲೆ ಅನ್ನಾಂವ ಯಾತಕ್ಕ ಬಂದಿ, ಹುಲಿಗ್ಯಾ?"

"ಹುಡುಗಿ ಎತ್ತರ ನೋಡಾಕ ಬಂದೀನ್ರಿ."

ಪಾರ್ಕಿನ ವಿಷಯ ಎರಡು ಮಾತಿನಲ್ಲಿ ಹೇಳಿ, ಸ್ಫೂರ್ತಿಯನ್ನು ಗೋಡೆಗೆ ನಿಲ್ಲಿಸಿ, ಟೇಪು ಬಿಚ್ಚಿ ಅವಳ ಹಿಮ್ಮಡಿಯ ಹತ್ತಿರ ತುದಿ ಹಿಡಿದೆ. ಎಪ್ಪತ್ತರ ಮುದುಕಿ ಅಷ್ಟು ಬೇಗ ಏಳಬಲ್ಲಳೆಂದು ಗೊತ್ತಿರಲಿಲ್ಲ. ಟೇಪು ಕಸಿದು ಅಂಗಳಕ್ಕೆ ಎಸೆದಳು.

"ಬದುಕಿರೋ ಕೂಸನ್ನ ಅಳಿತೀಯೇನಲೇ!"

"ಮೂಢನಂಬಿಕೆ ಇದು. ದರ್ಜಿ ಅಳೆಯಂಗಿಲ್ಲೇನು?"

"ಯಾವ ದರ್ಜಿ ನೆತ್ತಿಯಿಂದ ಹಿಮ್ಮಡದ ತನಕ ಅಳಿತಾನ? ಹಂಗ ಅಳೆಯೋದು ಗುಂಡಿ ತೋಡೋರು. ಅವತ್ತು ದಾರದ ಇನ್ನೊಂದು ತುದಿ ಹಿಡದಾಂವ ನೀನ. ಮರ್ತಿಯೇನು?"

ಮರೆತಿರಲಿಲ್ಲ. ಆ ದಿನ ಯಾರೋ ದಾರದ ತುದಿ ಕೈಗೆ ಕೊಟ್ಟರು, ಹಿಡಿದುಕೋ ಎಂದರು, ಹಿಡಿದುಕೊಂಡೆ. ಅಕ್ಕನ ಪಾದದ ಕಡೆಯ ತುದಿ. ಬೆಳ್ಳಿ ಕಾಲುಂಗುರ ತೆಗೆದ ಜಾಗ ಬಿಳಿಚಿತ್ತು.

ಮೂಢನಂಬಿಕೆ ಮೂಢನಂಬಿಕೆಯೇ. ಆದರೆ ಟೇಪನ್ನು ಹೆಕ್ಕಿಕೊಂಡು ಮತ್ತೆ ಬಿಚ್ಚಲು ಕೈ ಬರಲಿಲ್ಲ. ಬಿಚ್ಚುವ ಅಗತ್ಯವೂ ಇರಲಿಲ್ಲ. ಅವಳ ತಲೆ ನನ್ನ ಕಿವಿಗೆ ಬರುತ್ತದೆ.

ಸ್ಫೂರ್ತಿ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು.

"ನೂರಾ ಐವತ್ತೆರಡು ಅದೀನಿ ಮಾಮ. ಪಿ.ಟಿ. ಸರ್ ಜೂನ್‌ನ್ಯಾಗ ಬರಕೊಂಡಾರ. ಫೋನ್ ಮಾಡಿ ಕೇಳಿದ್ರ ಹೇಳ್ತಿದ್ದೆ."

"ನಿಮ್ಮಜ್ಜಿ ಫೋನ್ ಕೊಡ್ತಿದ್ಲೇನು?"

"ನೀನು ಮಾಡಿದ್ರಲ್ಲ, ಕೊಡಾಕ." ಎದುರು ಬಂದ ಕಬ್ಬಿನ ಟ್ರಾಕ್ಟರಿಗೆ ದಾರಿ ಬಿಟ್ಟು ಮತ್ತೆ ನಡೆದಳು. "ಮಾಮ, ಬೇರು ತರ್ಸಿದ್ದು ನಮ್ಮವ್ವನ. ಅಜ್ಜಿ ಎರಡ್ ಸಲ ಆಟೋ ಕರ್ಸಿದ್ಲು, ಅವ್ವ ಹತ್ತಲಿಲ್ಲ. ಆಸ್ಪತ್ರಿಗೆ ಹೋದ್ರ ವಾಪಸ್ ಬರಂಗಿಲ್ಲ ಅಂತ ಹೆದರಿದ್ಲು. ಮೂರನೇ ಸಲ ಅಜ್ಜಿ ಎತ್ತಿ ಕುಂದ್ರಿಸಿದ್ಲು. ಅಷ್ಟೊತ್ತಿಗೆ ಮಾತು ನಿಂತಿತ್ತು."

"ನನಗ್ಯಾಕ ಹೇಳಲಿಲ್ಲ?"

"ನೀನೆಲ್ಲಿ ಕೇಳಿದಿ? ಭಾಷಣ ಮಾಡಿದಿ."

ಬಸ್ಸು ಬಂತು. ಮುದುಕಿ ಹೇಳಿಕೊಟ್ಟು ಕಳಿಸಿರಬೇಕು. ಹತ್ತು ತಿಂಗಳು ಒಂದೇ ಮನೆಯಲ್ಲಿದ್ದರೆ ಯಾರ ತಲೆಗೂ ಏನನ್ನೂ ತುಂಬಬಹುದು.

ನವೆಂಬರ್ 24, ಸೋಮವಾರ

ಏನನ್ನೂ ಓದಲಿಲ್ಲ.

ನವೆಂಬರ್ 27, ಗುರುವಾರ

ಅವ್ವ ಅಕ್ಕಿ ಆರಿಸುತ್ತಿದ್ದಳು. ಸುತ್ತಿಬಳಸದೆ ಕೇಳಿದೆ: ಬೇರು ತರಿಸಿದ್ದು ಯಾರು?

"ನಿಮ್ಮಕ್ಕ."

"ನಿನಗ ಗೊತ್ತಿತ್ತೇನು?"

"ಅವತ್ತ ಗೊತ್ತಿತ್ತು."

"ನಾನು ಅಷ್ಟು ಜನದ ಮುಂದ ಒದರೂವಾಗ ಒಂದು ಮಾತು ಹೇಳಬಾರದಿತ್ತೇನು?"

ಅವ್ವ ತಲೆ ಎತ್ತಲಿಲ್ಲ. "ಹೇಳಿದ್ರ ಸತ್ತ ಮಗಳ ಮ್ಯಾಲೆ ತಪ್ಪು ಹೊರ್ಸಿದಂಗ ಆಗ್ತಿತ್ತು. ಬ್ಯಾರೇದೋರ ಮ್ಯಾಲೆ ಹೋಗ್ಲಿ ಬಿಡು ಅಂದ್ಕೊಂಡೆ."

ಇದೇ ನಮ್ಮ ಜನ. ಸತ್ಯಕ್ಕಿಂತ ಮನೆತನದ ಮಾನ ದೊಡ್ಡದು. ಹೀಗೆ ಬರೆದು ಮುಗಿಸಬೇಕೆಂದಿದ್ದೆ. ಆದರೆ ಮರೆಮಾಚಿದ್ದು ಅವ್ವ, ಒದರಿದ್ದು ನಾನು. ಅಡುಗೆಮನೆಯಲ್ಲಿ ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಾಳೆ. ಮೂರು ಸಲ ಆರಿಸಿದ ಅಕ್ಕಿ ಅದು.

ನವೆಂಬರ್ 30, ಭಾನುವಾರ

ಸಂಡೂರು. ಭಾವನ ಬಾಡಿಗೆ ಮನೆಯಲ್ಲಿ ಕುಳಿತರೆ ಅದಿರಿನ ಧೂಳಿಗೆ ಪ್ಯಾಂಟಿನ ಹಿಂಭಾಗ ಕೆಂಪಾಗುತ್ತದೆ. ಭಾವ ಪಾಳಿ ಮುಗಿಸಿ ಬಂದು, ಮುಖ ತೊಳೆದು, ತಾನೇ ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟ. ಉಪ್ಪು ಜಾಸ್ತಿ. ಡಿಸೆಂಬರ್ ಹದಿನಾಲ್ಕಕ್ಕೆ ಮಕ್ಕಳನ್ನು ಆನಂದಲೋಕಕ್ಕೆ ಕರೆದೊಯ್ಯುವುದೆಂದು ಗೊತ್ತುಮಾಡಿದ್ದೇನೆ, ನೀನೂ ಬಾ ಎಂದೆ.

"ನನಗ ಪಾಳಿ ಐತಪ್ಪ. ಮುಂಜಾನೆ ಶಂಭುನ್ನ ಹೊಸಪೇಟಿ ಬಸ್ ಹತ್ತಸ್ತೀನಿ, ಕಂಡಕ್ಟರಿಗೆ ಹೇಳಿ."

"ನಿನ್ನ ಮಕ್ಕಳು ಮೂವರೂ ಬರ್ತಾರ. ಒಂದಿನದ ಪಾಳಿ ಬಿಡಾಕ ಆಗಂಗಿಲ್ಲೇನು?"

ತಟ್ಟೆಯ ಅವಲಕ್ಕಿಯನ್ನು ಅಂಚಿಗೆ ಸರಿಸಿದ. "ಭಾಗ್ಯ ನನ್ನ ಗುರುತು ಹಿಡೀತಾಳೇನು ಹುಲಿಗೇಶ?"

ನನ್ನಲ್ಲಿ ತಯಾರಿದ್ದ ಉತ್ತರ ಬೇರೆ ಇತ್ತು. "ಬಂದು ನೋಡು," ಎಂದಷ್ಟೇ ಹೇಳಿದೆ. ಅವನು ಬರುವುದಿಲ್ಲ. ಹೇಡಿ.

ಸಂಜೆ ಶಂಭು ಬಸ್ಸಿನವರೆಗೆ ಬಂದ. ಮಾರುಕಟ್ಟೆಯ ಬಲೆಗೆ ಬಿದ್ದ ಮಗುವನ್ನು ಕೊನೆಯ ಬಾರಿ ತಿದ್ದಿ ನೋಡೋಣವೆಂದು, ಆ ಜಾರುಬಂಡಿಯಲ್ಲಿ ಅಂಥದ್ದು ಏನಿದೆ ಎಂದು ಕೇಳಿದೆ.

"ನನಗ ನೀರಂದ್ರ ಹೆದ್ರಿಕಿ ಮಾಮ," ಎಂದ.

"ಮತ್ತ ಯಾಕಲೇ ಹೋಗಾನು ಹೋಗಾನು ಅಂತ ಜೀವ ತಿಂತಿ?"

"ಅಕ್ಕನ್ನ ನೋಡ್ಬೇಕು ಅಂತ ಅಪ್ಪಗ ಐದ್ ಸಲ ಹೇಳ್ದೆ. ನೋಡಾನು ನೋಡಾನು ಅಂದ. ಆನಂದಲೋಕಕ್ಕ ಹೋಗ್ಬೇಕು ಅಂದ್ರ ಎಲ್ರೂ ಅದಕ್ಕ ಬೈತಾರ. ಬೈಕೋತ ಬೈಕೋತ ಹೂಂ ಅಂತಾರ. ನಮ್ ಕ್ಲಾಸ್‌ನ್ಯಾಗ ಎಲ್ರ ಮನ್ಯಾಗೂ ಹಂಗ ಆಗೈತಿ."

ನಾನು ಓದಿದ ಯಾವ ಕಿರುಹೊತ್ತಿಗೆಯಲ್ಲೂ ಈ ತಂತ್ರ ಇಲ್ಲ. ಹುಡುಗನಿಗೆ ಹಾಗೆ ಹೇಳಲಿಲ್ಲ. ಎರಡು ಬಾಳೆಹಣ್ಣು ಕೊಡಿಸಿದೆ.

ಡಿಸೆಂಬರ್ 3, ಬುಧವಾರ

ಬೋರ್ಡಿನ ಬಾಕಿ ಕೆಲಸದ ನೆಪದಲ್ಲಿ ಆನಂದಲೋಕದ ಮ್ಯಾನೇಜರನ್ನು ಕಂಡೆ. ಟೈ ಕಟ್ಟಿಕೊಂಡು ಈಜುಕೊಳದ ಪಕ್ಕ ಕೂರುವ ಮನುಷ್ಯ. ನೂರಾ ಐವತ್ತೆರಡು ಸೆಂಟಿಮೀಟರಿನ ಸಮಸ್ಯೆ ಹೇಳಿದೆ. "ನೋ ಪ್ರಾಬ್ಲಮ್ ಬ್ರದರ್, ಐದು ವರ್ಷದೊಳಗಿನ ಮಗುವಿನ ಜೊತೆ ರೈಲಿನಲ್ಲಿ ತಾಯಿ ಕೂರಬಹುದು. ದೊಡ್ಡ ಹುಡುಗಿ ಆ ಲೆಕ್ಕದಲ್ಲಿ ಕೂರಲಿ," ಎಂದ. ಮೂರ್ಖನಾದರೂ ದಾರಿ ಹೇಳಿದ. ಸಂತೋಷದಿಂದ ಕಂಪ್ಲಿಗೆ ಫೋನ್ ಮಾಡಿದೆ. ಮುದುಕಮ್ಮ ಎತ್ತಿದಳು, ಸ್ಫೂರ್ತಿಗೆ ಕೊಟ್ಟಳು.

"ತೊಡಿ ಮ್ಯಾಲೆ ಭಾಗ್ಯನ್ನ ಕುಂದ್ರಿಸ್ಕೊಂಡು ನೀನು, ಪಕ್ಕದಾಗ ಶಂಭು. ಮೂವರೂ ಒಂದ ಡಬ್ಬ್ಯಾಗ," ಎಂದೆ.

"ನಾನು ಒಲ್ಲೆ."

"ಯಾಕ?"

"ನಾನು ಯಾರ ಅವ್ವನೂ ಅಲ್ಲ ಮಾಮ. ಇಲ್ಲಿ ದಿನಾ ರೊಟ್ಟಿ ಬಡಿತೀನಿ, ನೀರು ತರ್ತೀನಿ, ಅಜ್ಜಿ ಕಾಲು ಒತ್ತತೀನಿ. ಬರ್ತೀನಂದ್ರ ಮೂರಂತಸ್ತಿನ ಮ್ಯಾಲಿಂದ ಜಾರಾಕ ಬರ್ತೀನಿ. ಶಂಭುನ್ನೂ ಎಳಕೊಂಡು ಹೋಗ್ತೀನಿ, ಅವನ ಹೆದ್ರಿಕಿ ಬಿಡಸ್ತೀನಿ. ಆಮ್ಯಾಲೆ ಬೇಕಾದ್ರ ಭಾಗ್ಯನ್ನ ಎತ್ಕೋತೀನಿ."

ಈ ಹುಡುಗಿ ಸ್ವಾರ್ಥಿ ಎಂದು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಹೆಣ್ಣುಮಕ್ಕಳ ಬಾಲ್ಯವನ್ನು ಮನೆಗೆಲಸ ನುಂಗುವ ಬಗ್ಗೆ ನಾನೇ ಎರಡು ವರ್ಷದ ಹಿಂದೆ ಕರಪತ್ರ ಬರೆದು, ಅಚ್ಚು ಹಾಕಿಸಿ, ಸಂತೆಯಲ್ಲಿ ಹಂಚಿದ್ದೇನೆ. ಅದರಲ್ಲಿ ಬಹಳ ಅಚ್ಚಿನ ತಪ್ಪುಗಳಿದ್ದವು.

ಈಗ ಹೊಸ ತೊಡಕು. ಶಂಭುವಿನ ಹಿಂದೆ ದೊಡ್ಡವರು ಕೂರಬೇಕು, ಅಂದರೆ ನಾನು. ಆಗ ಕೆಳಗೆ ಭಾಗ್ಯಳನ್ನು ಹಿಡಿದುಕೊಳ್ಳುವವರು ಯಾರು? ಅವ್ವನಿಗೆ ಮೊಣಕಾಲು. ಭಾವನಿಗೆ ಪಾಳಿ. ತಾಯಪ್ಪನಿಗೆ ಅಂದು ಡ್ಯಾಂನಲ್ಲಿ ಡ್ಯೂಟಿ.

ಕೇಳಿದ್ದಕ್ಕೆ ಸ್ಫೂರ್ತಿ ಹೇಳಿದಳು: "ಅಜ್ಜಿನ್ನ ಕರಿ. ಆದ್ರ ಫೋನಿನ್ಯಾಗ ಅಲ್ಲ. ನೀನ ಬಾ."

ಡಿಸೆಂಬರ್ 7, ಭಾನುವಾರ

ವೇದಿಕೆಯ ಓದನ್ನು ರದ್ದು ಮಾಡಿದೆ. ಕಾರಣ ಕೇಳಿದ ತಾಯಪ್ಪನಿಗೆ ಸಂಘಟನೆಯ ಕೆಲಸ ಎಂದೆ.

ಕಂಪ್ಲಿಯ ಬಸ್ಸಿನಲ್ಲಿ ಒಂದು ಹೇಳಿಕೆಯನ್ನು ಸಿದ್ಧಪಡಿಸಿದ್ದೆ. ಎರಡು ಪುಟ. ಪರಿಸ್ಥಿತಿ, ಮಾಹಿತಿಯ ಕೊರತೆ, ವ್ಯವಸ್ಥೆಯ ಪಾತ್ರ, ಎಲ್ಲ ಇತ್ತು. ಕಟ್ಟೆಯ ಮೇಲೆ ಕುಳಿತೆ. ಮುದುಕಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದಳು. ಸ್ಫೂರ್ತಿ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಯಾರೂ ನೀರು ತರಲಿಲ್ಲ.

ಮನೆಗೆ ಬಂದವರಿಗೆ ಮೊದಲು ನೀರು ಕೊಡದ ಮನೆ ಈ ಸೀಮೆಯಲ್ಲಿ ಇಲ್ಲ. ಹತ್ತು ನಿಮಿಷ ಕಾದೆ. ಹುಣಸೆಬೀಜ ಬಟ್ಟಲಿಗೆ ಬೀಳುವ ಸದ್ದು.

"ನೀರು ಕೊಡ್ರಿ ಅಮ್ಮ," ಎಂದೆ.

"ಕೊಲೆಗಾರ್ತಿ ಕೈಯಾಗಿಂದು ಗಂಟಲಾಗ ಇಳಿತೈತೇನು?"

"ತಪ್ಪಾತ್ರಿ."

"ಏನಂದಿ? ಕೇಳಲಿಲ್ಲ. ಅವತ್ತು ಓಣಿಗೆಲ್ಲ ಕೇಳೂವಂಗ ಅಂದಿದ್ದಿ."

ಎರಡು ಪುಟಗಳು ಜೇಬಿನಲ್ಲೇ ಇದ್ದವು. ಎದ್ದು ನಿಂತೆ. ಮೆರವಣಿಗೆಯಲ್ಲಿ ಘೋಷಣೆ ಕೂಗುವ ದನಿಯಲ್ಲಿ ಹೇಳಿದೆ: "ನಂದ ತಪ್ಪಾತ್ರಿ! ಗೊತ್ತಿಲ್ದ ಮಾತಾಡಿದೆ!" ಎದುರುಮನೆಯ ಎಲ್ಲಮ್ಮ ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದು ನೋಡಿದಳು. ಎಲ್ಲೋ ನಾಯಿ ಬೊಗಳಿತು. ಸ್ಫೂರ್ತಿ ವೇಲನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಮುದುಕಮ್ಮ ತಾನೇ ಎದ್ದು ಹೋಗಿ ಚೊಂಬು ತಂದಳು. ಕುಡಿದೆ. ಎಲ್ಲ ಕುಡಿದೆ. ಅವಳು ನನ್ನನ್ನು ನೋಡದೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಎತ್ತಿ ಆಟೋದಾಗ ಕುಂದ್ರಿಸಿದಾಗ ಆಕಿ ನನ್ನ ಕುಬಸ ಹಿಡ್ಕೊಂಡಿದ್ಲು ಹುಲಿಗ್ಯಾ," ಎಂದಳು. "ಬಿಡಸ್ಕೊಳ್ಳಾಕ ಆಗಲಿಲ್ಲ."

ಖಾಲಿ ಚೊಂಬನ್ನು ಅವಳ ಪಕ್ಕ ಇಟ್ಟು, ನಾನೂ ಒಂದು ಹಿಡಿ ಹುಣಸೆಹಣ್ಣು ತೆಗೆದುಕೊಂಡೆ. ಬಿಡಿಸುತ್ತ ಆನಂದಲೋಕದ ತೊಡಕು ವಿವರಿಸಿದೆ. ನಾವು ಮೂವರು ಮೇಲಿಂದ ಜಾರುವಾಗ ಭಾಗ್ಯಳನ್ನು ಕೆಳಗೆ ಹಿಡಿದುಕೊಳ್ಳುವವರು ಬೇಕು ಎಂದೆ.

"ಆ ಕೂಸು ನನ್ನ ಹತ್ರ ಬರ್ತೈತೇನು? ಮಕ ಮರ್ತಿರ್ತೈತಿ."

"ಅದು ಎಲ್ಲರನ್ನೂ ಮರ್ತೈತ್ರಿ. ಅದಕ್ಕ ಹೋಗಾದು."

ಬಟ್ಟಲಿನ ಬೀಜಗಳನ್ನು ಕೈಯಾಡಿಸುತ್ತ ಕುಳಿತಳು. "ಕುಂದ್ರಾಕ ನೆಳ್ಳು ಐತೇನು ಅಲ್ಲಿ?"

"ಐತ್ರಿ. ಫೈಬರಿನ ರಥದ ಕೆಳಗ."

"ರೊಟ್ಟಿ ಒಳಗ ಒಯ್ಯಾಕ ಬಿಡ್ತಾರೇನು?"

"ಬಿಡಂಗಿಲ್ರಿ."

"ಬಿಡದ ಏನ್ ಮಾಡ್ತಾರ? ನಾನು ಸೀರಿ ಒಳಗ ಕಟ್ಕೊಂಡು ಬರ್ತೀನಿ."

ಬೋರ್ಡಿನ ಏಳನೇ ನಿಯಮ ಅದು. ಕಂಪೋಸ್ ಮಾಡಿದವನು ನಾನು. ಮುರಿಯಲು ಒಬ್ಬರಾದರೂ ಸಿಕ್ಕರು.

ಡಿಸೆಂಬರ್ 9, ಮಂಗಳವಾರ

ಆನಂದಲೋಕದ ಬಗ್ಗೆ ನನ್ನ ಅಭಿಪ್ರಾಯ ಒಂದಕ್ಷರವೂ ಬದಲಾಗಿಲ್ಲ. ಅದು ಪ್ಲಾಸ್ಟಿಕ್ಕಿನ ಸುಳ್ಳು. ಮುಂದೆ ಅದರ ಮೇಲೆ ಬರೆಯುತ್ತೇನೆ, ಒಳಗೆ ಹೋಗಿ ನೋಡಿದ ಮೇಲೆ ಇನ್ನೂ ಚೆನ್ನಾಗಿ ಬರೆಯಬಹುದು.

ಭಾಗ್ಯಳಿಗೆ ಒಂದು ಜೊತೆ ಹೆಚ್ಚಿನ ಬಟ್ಟೆ. ಶಂಭುವಿಗೆ ನೀರಿನ ಹೆದರಿಕೆ ಇರುವುದನ್ನು ಅಲ್ಲಿ ಯಾರ ಮುಂದೆಯೂ ಹೇಳಬಾರದು. ಸ್ಫೂರ್ತಿಗೆ ಇಡೀ ದಿನ ಯಾರೂ ಏನನ್ನೂ ತಾ ಎನ್ನಬಾರದು. ಅವ್ವನಿಗೂ ಹೇಳಿದ್ದೇನೆ, ಮೊಣಕಾಲು ನೋಯುತ್ತಿದ್ದರೆ ನೋಯಲಿ, ಬಸ್ ನಿಲ್ದಾಣದವರೆಗೆ ಬಂದು ಮುದುಕಮ್ಮನ ಎದುರು ನಿಲ್ಲಬೇಕು ಎಂದು. ಅವಳು ಹೂಂ ಅನ್ನಲಿಲ್ಲ. ಆದರೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ.

ರಾತ್ರಿ ಊಟಕ್ಕೆ ಮುಂಚೆ ಭಾವನ ಫೋನು. ಆ ದಿನದ ಪಾಳಿಯನ್ನು ಬೇರೆಯವನಿಗೆ ಕೊಟ್ಟಿದ್ದಾನಂತೆ. ಪಾರ್ಕಿನೊಳಗೆ ಬರುವುದಿಲ್ಲವಂತೆ, ಶಂಭುವನ್ನು ಕರೆದುಕೊಂಡು ಬಂದು ದೂರ ನಿಂತು ನೋಡಿ ಹೋಗುತ್ತಾನಂತೆ. ದೂರ ನಿಲ್ಲುವುದು ಬೇಡ ಎಂದು ಗದರಿಸಿದೆ. ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿದ. ಮೂರೂ ಮನೆಗೆ ಒಂದೇ ಮಾತು ಹೇಳಿದ್ದೇನೆ:

ಹದಿನಾಲ್ಕನೇ ತಾರೀಖು, ಭಾನುವಾರ, ಬೆಳಿಗ್ಗೆ ಎಂಟೂವರೆಗೆ, ಹೊಸಪೇಟೆ ಬಸ್ ನಿಲ್ದಾಣದಲ್ಲಿ, ಕಂಪ್ಲಿ ಬಸ್ಸು ಬಂದು ನಿಲ್ಲುವ ಕಡೆ.